ಮೊಣಕಾಲಿನ ಕೆಳಗಿನ ವೀಡಿಯೊ

ಕಾಪುವಿನ ಒಂದು ಮದುವೆ ಹಾಲ್‌ನ ಹಿಂದೆ, ನಮ್ಮ ಸ್ಟುಡಿಯೋದ ವ್ಯಾನಿನ ಹಿಂಬಾಗಿಲು ತೆರೆದು ಕ್ಯಾಮೆರಾದ ಬ್ಯಾಟರಿ ಬದಲಿಸುತ್ತಿದ್ದೆ. ಒಳಗೆ ಊಟದ ಪಂಕ್ತಿ ಶುರುವಾಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಧಾರೆ ಎರೆಸಿದ ಭಟ್ಟರು ಕೈ ತೊಳೆಯಲು ನಳ್ಳಿಯ ಹತ್ತಿರ ಬಂದವರು ವ್ಯಾನಿನೊಳಗೆ ನೋಡುತ್ತ ನಿಂತರು. ಹೆಚ್ಚುಕಡಿಮೆ ನನ್ನದೇ ಪ್ರಾಯ, ಮೂವತ್ತರ ಒಳಗೆ. ಅವರು ನೋಡುತ್ತಿದ್ದುದು ಟ್ರೈಪಾಡಿನ ಪಕ್ಕದಲ್ಲಿ ಬಿದ್ದಿದ್ದ ನನ್ನ ಸ್ಕೇಟುಗಳನ್ನು.

"ಇದು ಅಗ್ರೆಸಿವ್ ಸ್ಕೇಟ್ ಅಲ್ವಾ? ನಡುವೆ ಚಕ್ರ ಇಲ್ಲ. ಕಂಬಿಯ ಮೇಲೆ ಜಾರುವಾಗ ಕಂಬಿ ಅಲ್ಲಿ ಕೂತುಕೊಳ್ಳಬೇಕಲ್ಲ" ಎಂದರು.

ನಾನು ಬ್ಯಾಟರಿಯನ್ನು ಕೈಯಲ್ಲೇ ಹಿಡಿದು ನಿಂತೆ. ಉಡುಪಿಯಲ್ಲಿ ಸ್ಕೇಟಿಂಗ್ ಎಂದರೆ ಸಂಜೆ ಹೆಲ್ಮೆಟ್ ಹಾಕಿ ಸುತ್ತು ಹೊಡೆಯುವ ಮಕ್ಕಳ ಕ್ಲಾಸು. ನಾನೂ ಶಾಲೆಯಲ್ಲಿದ್ದಾಗ ಅದೇ ಕಲಿತವಳು, ವೇಗದ ಓಟದಲ್ಲಿ ಒಂದೆರಡು ಪದಕವೂ ಬಂದಿತ್ತು. ಗಟ್ಟಿ ಪ್ಲಾಸ್ಟಿಕ್ ಬೂಟಿನ ಈ ಸ್ಕೇಟು ಹಾಕಿ ಕಟ್ಟೆಗೆ ಹಾರುವುದು, ಅದರ ಅಂಚಿನ ಮೇಲೆ ಬೂಟಿನ ತಳದಲ್ಲೇ ಜಾರುವುದು, ಇದಕ್ಕೆ ಗ್ರೈಂಡ್ ಎನ್ನುತ್ತಾರೆ ಎಂದು ತಿಳಿದ ಇನ್ನೊಬ್ಬರನ್ನು ಇಡೀ ಜಿಲ್ಲೆಯಲ್ಲಿ ನಾನು ನೋಡಿರಲಿಲ್ಲ.

"ನಿಮಗೆ ಹೇಗೆ ಗೊತ್ತು ಭಟ್ರೇ?"

"ವೀಡಿಯೊ ನೋಡ್ತೇನೆ. ಹೈಸ್ಕೂಲಿನಿಂದಲೇ ನೋಡ್ತಾ ಇದ್ದೇನೆ." ಸ್ವಲ್ಪ ತಡೆದು ಹೇಳಿದರು, "ಕಾಲಿಗೆ ಹಾಕಿದ್ದಿಲ್ಲ."

ಆ ಸ್ಕೇಟು ಮಣಿಪಾಲದಲ್ಲಿ ಓದು ಮುಗಿಸಿ ಹೊರಟ ಒಬ್ಬ ವಿದ್ಯಾರ್ಥಿಯಿಂದ ನಾನು ಕೊಂಡದ್ದು. ನನಗೆ ದೊಡ್ಡದು, ಎರಡು ಜೊತೆ ಸಾಕ್ಸ್ ಹಾಕಬೇಕಿತ್ತು. ಅವರಿಗೆ ಅಳತೆ ಕೊಟ್ಟು ಮಾಡಿಸಿದಂತೆ ಸರಿಹೋಯಿತು. ಹೀಗೆ ಒಂದೇ ಜೊತೆ ಸ್ಕೇಟಿನಲ್ಲಿ ನಾವಿಬ್ಬರು ಆಡತೊಡಗಿದೆವು.

ಜಾಗ ಕೊಟ್ಟದ್ದು ನನ್ನ ಸೋದರಮಾವ. ಕಾರ್ಕಳದ ಹತ್ತಿರ ಅವರ ಕುಚ್ಚಲಕ್ಕಿ ಮಿಲ್ಲು ನಿಂತುಹೋಗಿತ್ತು. ಭತ್ತ ಒಣಗಿಸುತ್ತಿದ್ದ ದೊಡ್ಡ ಕಾಂಕ್ರೀಟ್ ಅಂಗಳ ಹಾಗೆಯೇ ಇತ್ತು. ಅದರ ತುದಿಗೆ ಗೋಣಿಗಳನ್ನು ಲಾರಿಗೆ ಏರಿಸುವ ಕಟ್ಟೆ. ಗೋಣಿ ಎಳೆದೆಳೆದು ಅಂಚು ಒಡೆಯಬಾರದೆಂದು ಅದಕ್ಕೆ ಉದ್ದಕ್ಕೂ ಕಬ್ಬಿಣದ ಪಟ್ಟಿ ಕೂರಿಸಿದ್ದರು. ವೀಡಿಯೊಗಳಲ್ಲಿ ಜನ ಊರೂರು ಹುಡುಕಿಕೊಂಡು ಹೋಗುವುದು ಇಂಥದ್ದೇ ಅಂಚನ್ನು. ನಾವು ಅದಕ್ಕೆ ಮೇಣದ ಬತ್ತಿ ಉಜ್ಜಿ ಜಾರುವ ಹಾಗೆ ಮಾಡಿದೆವು.

ಅವರು ಕಾಪು–ಶಿರ್ವ ದಾರಿಯ ಒಂದು ಸಣ್ಣ ದೇವಸ್ಥಾನದ ಅರ್ಚಕರು. ತಂದೆಯ ಮೊಣಕಾಲು ಸೋತ ಮೇಲೆ ಪೂಜೆ ಅವರ ಪಾಲಿಗೆ ಬಂದಿತ್ತು. ಮಧ್ಯಾಹ್ನದ ಪೂಜೆ ಮುಗಿದು ಸಂಜೆ ದೀಪ ಹಚ್ಚುವ ತನಕ ಮಾತ್ರ ಬಿಡುವು. ಆದ್ದರಿಂದ ನಮ್ಮ ಆಟ ಯಾವಾಗಲೂ ಸುಡುವ ಬಿಸಿಲಿನಲ್ಲೇ. ಬೈಕಿನಲ್ಲಿ ಬಂದು, ಪಂಚೆ ಮಡಚಿಟ್ಟು ಪ್ಯಾಂಟು ಹಾಕಿ, ಜನಿವಾರವನ್ನು ಬನಿಯನ್ನಿನೊಳಗೆ ಸೇರಿಸಿ, ಕೊನೆಗೆ ಎರಡೂ ಕೈಗೆ ಮಣಿಕಟ್ಟಿನ ಗಾರ್ಡ್ ಕಟ್ಟಿಕೊಳ್ಳುತ್ತಿದ್ದರು.

"ವೀಡಿಯೊದಲ್ಲಿ ಯಾರೂ ಇದನ್ನು ಹಾಕುವುದಿಲ್ಲ ಮಾರಾಯ್ರೆ" ಎಂದು ನಾನು ಒಮ್ಮೆ ನಕ್ಕೆ.

"ಅವರಿಗೆ ನಾಳೆ ಬೆಳಿಗ್ಗೆ ಅಭಿಷೇಕ ಮಾಡಲಿಕ್ಕಿಲ್ಲ" ಎಂದರು.

ವರ್ಷಗಟ್ಟಲೆ ನೋಡಿಯೇ ಕಲಿಯುವುದೂ ಒಂದು ಬಗೆಯ ಕಲಿಕೆಯೆಂದು ನನಗೆ ಅರ್ಥವಾದದ್ದು ಅವರಿಂದ. ಮೊದಲ ದಿನ ನೇರ ನಿಲ್ಲಲಿಕ್ಕೂ ಆಗದೆ ನನ್ನ ಹೆಗಲು ಹಿಡಿದಿದ್ದರು. ಆದರೆ ಹಾರುವಾಗ ದೃಷ್ಟಿ ಎಲ್ಲಿರಬೇಕು, ಹಿಂದಿನ ಕಾಲು ಎಷ್ಟು ಅಡ್ಡವಾಗಬೇಕು, ಎಲ್ಲ ತಲೆಯಲ್ಲಿತ್ತು. ಮೈ ಅದನ್ನು ಹಿಡಿಯುವುದಷ್ಟೇ ಬಾಕಿ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಕಟ್ಟೆಯ ಈ ತುದಿಯಿಂದ ಆ ತುದಿಗೆ ಜಾರಿ, ತಿರುಗಿ, ಸದ್ದಿಲ್ಲದೆ ಇಳಿಯುತ್ತಿದ್ದರು. ನಾನು ಮಾತ್ರ ಹಾರುವ ಹೊತ್ತಿಗೆ ಕಾಲು ಹಿಂದೆಗೆದು ಕಟ್ಟೆಯ ಪಕ್ಕದಲ್ಲೇ ಸಾಗಿಹೋಗುತ್ತಿದ್ದೆ. ಅವರ ವೀಡಿಯೊ ತೆಗೆಯುವುದು ನನಗೆ ಹೆಚ್ಚು ಸುಲಭವಾಗಿತ್ತು.

ವೀಡಿಯೊ ತೆಗೆಯಲಿಕ್ಕೆ ಅವರದು ಒಂದೇ ಶರತ್ತು: ಮುಖ ಬರಬಾರದು. ದೇವಸ್ಥಾನಕ್ಕೆ ಬರುವ ಮನೆಗಳವರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ. ಹಾಗಾಗಿ ನಾನು ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ ಹಿಡಿದು ಮೊಣಕಾಲಿನ ಕೆಳಗಷ್ಟೇ ತೆಗೆದೆ. ಮದುವೆಯ ಆಲ್ಬಮ್ಮುಗಳ ನಡುವೆ ಕೂತು ಎಡಿಟ್ ಮಾಡಿ ಇಂಟರ್ನೆಟ್ಟಿಗೆ ಹಾಕಿದೆವು. ಯಾವ್ಯಾವುದೋ ದೇಶದವರು ಕಮೆಂಟ್ ಬರೆದರು. ಈ ಕಾಲು ಯಾರದು ಎಂದು ಒಬ್ಬ ಕೇಳಿದ್ದ. ಅದನ್ನು ಅವರು ನನ್ನ ಫೋನಿನಲ್ಲಿ ಮತ್ತೆ ಮತ್ತೆ ಓದಿದರು. ಉತ್ತರ ಬರೆಯಬೇಡಿ ಎಂದರು.

ಅವರು ಬಿದ್ದದ್ದು ನವರಾತ್ರಿ ಮುಗಿದ ಮೇಲೆ. ದೊಡ್ಡ ಸಾಹಸವೇನೂ ಅಲ್ಲ, ಕಟ್ಟೆಯಿಂದ ಇಳಿಯುವಾಗ ಒಂದು ಸಣ್ಣ ಕಲ್ಲು ಚಕ್ರಕ್ಕೆ ಸಿಕ್ಕಿತು. ಬಲಗೈ ಊರಿದರು. ಗಾರ್ಡ್ ಇತ್ತು, ಆದರೆ ಅದು ಮುಗಿಯುವ ಜಾಗದಲ್ಲಿ, ಸ್ವಲ್ಪ ಮೇಲೆ, ಎಲುಬು ಮುರಿದಿತ್ತು. ನಾನು ಮಣಿಪಾಲದ ಆಸ್ಪತ್ರೆಗೆ ವ್ಯಾನ್ ಓಡಿಸುವಾಗ ಅವರು "ದೀಪಕ್ಕೆ ಎಂತ ಮಾಡುವುದು" ಎಂದಷ್ಟೇ ಎರಡು ಸಲ ಕೇಳಿದರು.

ಪ್ಲಾಸ್ಟರ್ ಹಾಕಿದ ಬಲಗೈಯಲ್ಲಿ ಪೂಜೆ ಮಾಡುವ ಹಾಗಿಲ್ಲ. ನೀರು ತಾಗಬಾರದು, ಗಂಟೆ ಹಿಡಿಯಲಾಗದು, ಆರತಿ ಎತ್ತಲಾಗದು. ತಂದೆ ಮತ್ತೆ ಮೊಣಕಾಲಿಗೆ ಪಟ್ಟಿ ಬಿಗಿದು ಗರ್ಭಗುಡಿಯ ಮೆಟ್ಟಿಲು ಹತ್ತಿದರು. ಮರುವಾರ ನನಗೆ ಆ ಮನೆಯಿಂದ ಕರೆ ಬಂತು. ಬೈಗುಳ ತಿನ್ನಲು ಸಿದ್ಧಳಾಗಿಯೇ ಹೋದೆ.

ತಂದೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪುನರ್ಪುಳಿ ಶರಬತ್ತು ಬಂತು. ನಾನು ಕುಡಿದು ಲೋಟ ಕೆಳಗಿಟ್ಟೆ.

"ನೀನು ವೀಡಿಯೊ ಮಾಡಿದ್ದೀಯಂತೆ. ತೋರಿಸು."

ಫೋನು ಕೊಟ್ಟೆ. ಮಗ ಬಾಗಿಲಿಗೆ ಒರಗಿ ನಿಂತಿದ್ದರು. ತಂದೆ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು. ಕಬ್ಬಿಣದ ಮೇಲೆ ಬೂಟು ಜಾರುವ ಸದ್ದು ಆ ಮನೆಯಲ್ಲಿ ಬಹಳ ದೊಡ್ಡದಾಗಿ ಕೇಳಿಸಿತು.

"ಮುಖ ಯಾಕೆ ಇಲ್ಲ?" ಎಂದು ನನ್ನನ್ನು ಕೇಳಿದರು.

ನಾನು ಮಗನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಮುಖ ತೋರಿಸಲಿಕ್ಕೆ ಆಗದ ಕೆಲಸ ಅಂತ ನಿನಗೇ ಅನಿಸುವುದಾದರೆ ಬಿಟ್ಟುಬಿಡು" ಎಂದು ತಂದೆ ಮಗನಿಗೆ ಹೇಳಿದರು. "ಹಾಗೆ ಅನಿಸುವುದಿಲ್ಲ ಅಂತಾದರೆ ದೇವಸ್ಥಾನದ ಮೊಕ್ತೇಸರರ ಹತ್ತಿರ ನೀನೇ ಹೋಗಿ ಹೇಳು. ಕೈ ಹೇಗೆ ಮುರಿಯಿತು ಅಂತ ಎಲ್ಲರೂ ನನ್ನನ್ನು ಕೇಳ್ತಾರೆ. ಬಚ್ಚಲಲ್ಲಿ ಜಾರಿದ ಅಂತ ನಾನು ಎಷ್ಟು ಜನರಿಗೆ ಹೇಳುವುದು?"

ಅವರು ಹೇಳಿದ್ದು ಇಷ್ಟೇ. ಹೊರಡುವಾಗ ನನಗೊಂದು ಬಾಳೆಗೊನೆಯ ಚಿಪ್ಪು ಕೊಟ್ಟು ಕಳಿಸಿದರು.

ಮಗ ಮೊಕ್ತೇಸರರಲ್ಲಿಗೆ ತಕ್ಷಣ ಹೋಗಲಿಲ್ಲ. ಆ ದಿನಗಳಲ್ಲೂ ಬಸ್ಸು ಹತ್ತಿ ಮಿಲ್ಲಿಗೆ ಬರುತ್ತಿದ್ದರು, ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡು. ಸ್ಕೇಟು ಈಗ ಪೂರ್ತಿ ನನ್ನದೇ. ನೆಪ ಹೇಳಿ ಕ್ಯಾಮೆರಾ ಹಿಡಿಯುವ ಹಾಗೂ ಇರಲಿಲ್ಲ.

"ನೀನು ಕಟ್ಟೆಯನ್ನು ನೋಡ್ತಾ ಇದ್ದೀ" ಎನ್ನುತ್ತಿದ್ದರು. ಅಷ್ಟರಲ್ಲಿ ಇಬ್ಬರೂ 'ನೀವು' ಬಿಟ್ಟು 'ನೀನು' ಎನ್ನುವಷ್ಟು ಹತ್ತಿರವಾಗಿದ್ದೆವು. "ಇಳಿಯುವ ಜಾಗ ನೋಡು ಮಾರಾಯ್ತಿ. ಕಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ."

ಹಲವು ಮಧ್ಯಾಹ್ನ ಬಿದ್ದೆ. ಸೊಂಟದ ಒಂದು ಬದಿ ನೇರಳೆಯಾಗಿ, ಮನೆಯಲ್ಲಿ ಅಮ್ಮನಿಗೆ ಕಾಣದಂತೆ ಮಲಗುತ್ತಿದ್ದೆ. ಒಂದು ದಿನ ಯಾಕೋ ಕಾಲು ಹಿಂದೆ ಸರಿಯಲಿಲ್ಲ. ಬೂಟಿನ ತಳ ಪಟ್ಟಿಯ ಮೇಲೆ ಕೂತಿತು, ಮೈ ತನ್ನಷ್ಟಕ್ಕೆ ಮುಂದೆ ಹೋಯಿತು, ಒಂದು ಮಾರು ದೂರ ಇರಬಹುದು. ಇಳಿದ ಮೇಲೆ ಅಂಗಳದ ಕೊನೆಯ ತನಕ ಚಕ್ರದ ಮೇಲೆ ಹಾಗೆಯೇ ಹೋಗಿ ಗೋಡೆ ಹಿಡಿದು ನಿಂತೆ. ತಿರುಗಿ ನೋಡಿದರೆ ಅವರು ಕಟ್ಟೆಯ ಮೇಲೆ ಕೂತಿದ್ದರು, ಕಣ್ಣು ತುಂಬಿತ್ತು. ಅದು ನನ್ನ ಸಂತೋಷಕ್ಕೋ, ತಾನು ಹಾರಲಾರದ್ದಕ್ಕೋ ಎಂದು ನಾನು ಕೇಳಲಿಲ್ಲ. ಎರಡೂ ಇದ್ದಿರಬಹುದು.

ಮರುದಿನ ಅವರು ಮೊಕ್ತೇಸರರ ಮನೆಗೆ ಹೋದರಂತೆ. ದೇವಸ್ಥಾನದ ಆಡಳಿತ ನೋಡುವ ಹಿರಿಯರು, ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಎಲ್ಲ ಕೇಳಿಸಿಕೊಂಡು, "ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಉತ್ಸವಕ್ಕೆ ಒಂದು ತಿಂಗಳು ಇರುವಾಗ ಅದನ್ನು ಮುಟ್ಟಬೇಡಿ. ನಿಮ್ಮ ತಂದೆಯವರನ್ನು ಇನ್ನೊಮ್ಮೆ ಮೆಟ್ಟಿಲು ಹತ್ತಿಸುವುದು ನನಗೆ ನೋಡಲಿಕ್ಕೆ ಆಗುವುದಿಲ್ಲ" ಎಂದರಂತೆ. ಆ ಮಾತನ್ನು ಇವರು ಇವತ್ತಿಗೂ ಮೀರಿಲ್ಲ.

ಎಲುಬು ಕೂಡಿಕೊಂಡಿತು, ಆದರೆ ಮಣಿಕಟ್ಟು ಮೊದಲಿನಷ್ಟು ಹಿಂದಕ್ಕೆ ಬಾಗುವುದಿಲ್ಲ. ಭಾರದ ಆರತಿ ಎತ್ತುವಾಗ ಎಡಗೈಯನ್ನು ಬಲ ಮೊಣಕೈಗೆ ಆಸರೆಯಾಗಿ ಕೊಡುತ್ತಾರೆ. ಆಟವೂ ಬದಲಾಯಿತು. ಎತ್ತರದ ಹಾರಾಟ ಬಿಟ್ಟರು. ತಗ್ಗಿನ ಅಂಚಿನ ಮೇಲೆ ನಿಧಾನವಾಗಿ, ಎಡಕ್ಕೂ ಬಲಕ್ಕೂ ಒಂದೇ ಹಾಗೆ ಜಾರುವುದನ್ನು ಅಭ್ಯಾಸ ಮಾಡುತ್ತಾರೆ. ಅವರ ಈಗಿನ ಆಟವನ್ನು ನೋಡುವುದೇ ನನಗೆ ಹೆಚ್ಚು ಇಷ್ಟ. ಹಾಗೆಂದು ಅವರಿಗೆ ಹೇಳಿದರೆ ಒಪ್ಪುವುದಿಲ್ಲ.

ಎರಡನೆಯ ವೀಡಿಯೊದಲ್ಲಿ ಅವರು ಪೂರ್ತಿ ಇದ್ದಾರೆ, ಹೆಲ್ಮೆಟ್ಟಿನ ಕೆಳಗೆ ಬೆವರು, ಹಣೆಯಲ್ಲಿ ಅರ್ಧ ಅಳಿಸಿದ ಗಂಧ. ನಾನೂ ಎರಡು ಕಡೆ ಬರುತ್ತೇನೆ. ಊರಿನಲ್ಲಿ ದೊಡ್ಡ ಸುದ್ದಿಯೇನೂ ಆಗಲಿಲ್ಲ. ತೀರ್ಥ ತೆಗೆದುಕೊಳ್ಳಲು ಕೈ ಚಾಚಿದ ಒಬ್ಬ ಹೆಂಗಸು, "ನಿಮ್ಮದನ್ನು ನೋಡಿದೆ ಭಟ್ರೇ, ನನ್ನ ಮೊಮ್ಮಗಳಿಗೂ ಹೇಳಿಕೊಡ್ತೀರಾ?" ಎಂದು ಕೇಳಿದರಂತೆ. ಆ ಹುಡುಗಿಯ ಕಾಲಿಗೆ ಸರಿಯಾದ ಸ್ಕೇಟು ಎಲ್ಲಿ ಸಿಗುತ್ತದೆಂದು ನಾವಿಬ್ಬರೂ ಈಗ ಹುಡುಕುತ್ತಿದ್ದೇವೆ.