ಎತ್ತಿನ ಕಾಲಿನ ಕುದುರೆ

ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡಬೇಕೆಂಬುದು ಮದುವೆಯಾಗಿ ಬಂದ ಮೇಲೆ ಮಾವನವರು ನನಗೆ ಕಲಿಸಿದ ಮೊದಲ ಪಾಠ. ಬಣ್ಣ ಮಣ್ಣಿನ ಬೊಂಬೆಗೆ ಹಿಡಿಯಲೆಂದು ಅದರಲ್ಲಿ ಸರೇಸು ಕಲಸಿರುತ್ತಿತ್ತು. ಸರೇಸು ಅಂದರೆ ಚರ್ಮ, ಎಲುಬು ಕುದಿಸಿ ತೆಗೆದ ಅಂಟು. ಹಿತ್ತಲಲ್ಲಿ ಅದನ್ನು ಕಾಯಿಸಿದ ದಿನ ನಾಯಿಗಳು ಬಂದು ಗೋಡೆ ಮೂಸುತ್ತಿದ್ದವು. ಮೊಟ್ಟೆಯನ್ನೂ ಒಳಗೆ ತರದ ಮನೆಯಲ್ಲಿ ಹುಟ್ಟಿದವಳು ನಾನು. ಅದೇ ಅಂಟು ತುಟಿಗೆ ತಾಗಿದೊಡನೆ ಬಚ್ಚಲಿಗೆ ಓಡಿದೆ.

"ಬಣ್ಣದ ಅಂಟಿಗೆ ಮಡಿ ಇಲ್ಲವ್ವ" ಎಂದು ಮಾವ ನಕ್ಕರು. "ಒಂದು ಲಿಂಬಿಹೋಳು ಬಾಯಾಗ ಇಟ್ಕೊ, ಮತ್ತ ಕುಂದರು."

ಅಂದಿನಿಂದ ಇಂಡಿ ಊರಿನ ಲಿಂಬೆಹಣ್ಣಿನ ಹೋಳು ದವಡೆಯಲ್ಲಿ, ಹೇಸಿಕೆ ಗಂಟಲಲ್ಲಿ. ಮಕ್ಕಳೇ, ನಿಮ್ಮ ಅಜ್ಜಿಗೆ ಬಣ್ಣ ಅಂದರೆ ಇಷ್ಟ ಎಂದು ನೀವು ಹೇಳಿಕೊಂಡು ತಿರುಗುತ್ತೀರಿ. ಆ ವಾಸನೆ ನಿಮಗೆ ಗೊತ್ತಿಲ್ಲ.

ನಮ್ಮದು ಬಾಗೇವಾಡಿಯ ಮನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಚೌತಿಗೆ ಗಣಪತಿ, ಇವು ಮಾವನ ಕೈಕೆಲಸ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಿಮ್ಮ ಅಜ್ಜ ಆಲಮಟ್ಟಿಯಲ್ಲಿ ಅಣೆಕಟ್ಟೆಯ ಕೆಲಸಕ್ಕೆ ಹೋಗಿದ್ದರು, ಮಾವನ ಕೈ ನಡುಗತೊಡಗಿತ್ತು. ಅದಕ್ಕೇ ಕುಂಚ ನನಗೆ ಬಂತು. ತವರೂರು ಕನ್ನೊಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ ನನಗೆ ಜನರೆದುರು ಬಾಯಿ ಬರುತ್ತಿರಲಿಲ್ಲ. ಬಣ್ಣದ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತರೆ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಇಡೀ ಮನೆಯಲ್ಲಿ ಅದೊಂದೇ ನನ್ನ ಜಾಗ. ವಾಸನೆ ಎಷ್ಟೇ ಇದ್ದರೂ ಅದು ನನಗೆ ಉಳಿಯಬೇಕಿತ್ತು.

ಆಗ ಮುದ್ದೇಬಿಹಾಳದ ಕಡೆಯ ಒಬ್ಬ ಜಮೀನುದಾರರು ಬಂದರು. ಅವರ ಸವಾರಿಯ ಕುದುರೆ ಸತ್ತಿತ್ತು. ಅದರದೇ ಗೇಣುದ್ದದ ಬೊಂಬೆ ಬೇಕು, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದರು. ಕಂದು ಮೈ, ಕಪ್ಪು ಜೂಲು, ಹಣೆಯಲ್ಲಿ ಬಿಳಿ ಚುಕ್ಕೆ. ಮಾವ ಒಂದು ಮೊಳಕ್ಕೆ ಎರಡು ಬೆರಳಿನಂತೆ ಅಳತೆ ಹಿಡಿದು ಮಣ್ಣು ಮೆತ್ತಿದರು. ನಾನು ಕೆಮ್ಮಣ್ಣು ಬಳಿದೆ, ಕಣ್ಣಿಗೆ ಕಾಡಿಗೆ ತೀಡಿದೆ, ಮೂಗಿಗೆ ಹೊಳಪು ಕೊಟ್ಟೆ. ನಮ್ಮ ಕಣ್ಣಿಗೆ ಅದು ಬಹಳ ಚೆಂದವಾಗಿತ್ತು.

ಅವರು ಅದನ್ನು ಕೈಯಲ್ಲಿ ತಿರುಗಿಸಿ ಕಾಲು ನೋಡಿದರು. ಆಮೇಲೆ ಮಾವನನ್ನು ನೋಡಿದರು.

"ಏನ್ರಿ ಇದು? ಎತ್ತಿಗೆ ಜೀನು ಹಾಕೀರೇನು?"

ಗೊರಸಿನ ನಡುವೆ ಎತ್ತಿನದರಂತೆ ಸೀಳಿತ್ತು. ಜೀವಮಾನವೆಲ್ಲ ಎತ್ತು ಮಾಡಿದ ಮಾವನ ಕೈ ತಾನಾಗಿಯೇ ಬಿದಿರುಕಡ್ಡಿಯಿಂದ ಗೊರಸು ಸೀಳಿತ್ತು. ನನ್ನ ಕೈ ತಾನಾಗಿಯೇ ಆ ಸೀಳಿನಲ್ಲಿ ಕಪ್ಪು ಗೆರೆ ಎಳೆದಿತ್ತು. ಮನೆಯಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ಇನ್ನೊಂದು ಮಾಡಿಕೊಡಿರೆಂದು ಹೇಳಿ ಅವರು ಹೊರಟ ಮೇಲೆ ಮಾವ ಆ ಬೊಂಬೆಯನ್ನು ಅಂಗಳದಲ್ಲಿ ಒಡೆದರು.

"ಇನ್ನೊಂದು ಮಾಡ್ತೇನಿ. ಅದೂ ಹಿಂಗ ಆತಂದ್ರ ಅಚ್ಚು ಎಲ್ಲಾ ಬಾವಿಗೆ ಹಾಕಿ ಕೈ ತೊಳಕೋತೇನಿ. ಆಮ್ಯಾಲ ನೀನೂ ನಿಮ್ಮತ್ತಿ ಕೂಡ ಹೊಲಕ್ಕ ನಡಿ."

ನಾನು ಮರುದಿನ ಅತ್ತೆಯನ್ನು ಮುಂದೆ ಮಾಡಿಕೊಂಡು ಟಾಂಗಾ ನಿಲ್ಲುವಲ್ಲಿಗೆ ಹೋದೆ. ಟಾಂಗಾದ ಮುದುಕ ಬೀಡಿ ಆರಿಸಿದ.

"ಎಲ್ಲಿಗೆ ಹೋಗೂದೈತ್ರಿ?"

"ಎಲ್ಲಿಗೂ ಇಲ್ಲೋ ಯಪ್ಪಾ" ಅಂದರು ಅತ್ತೆ. "ನಮ್ಮ ಸೊಸಿ ನಿನ್ನ ಕುದುರಿ ನೋಡಾಕ ಬಂದಾಳ."

"ಹೆಣ್ಣು ನೋಡಾಕ ಬಂದಂಗ ಆತಲ್ಲವ್ವ!"

"ಹೌದು ಮತ್ತ. ಹಲ್ಲು ತೋರಸು, ನಡದು ತೋರಸು. ಪಸಂದ ಬಿದ್ರ ಉಪ್ಪಿಟ್ಟು ತಿಂದು ಹೋಗ್ತೇವಿ."

ಅವನು ನಗುತ್ತ ಅದರ ತುಟಿ ಎತ್ತಿದ. ಹಳದಿ ಹಲ್ಲುಗಳ ನಡುವೆ ಹಸಿರು ಲೋಳೆ. ಕಣ್ಣಿನ ಮೂಲೆಯ ಗೀಜಿಗೆ ನೊಣ ಮುತ್ತಿದ್ದವು. ಉಚ್ಚೆಯ ಘಾಟು ಮೂಗಿಗೆ ಹೊಡೆಯಿತು. ತೊಗಲಿನ ಪಟ್ಟಿ ಬಿಗಿದ ಜಾಗದಲ್ಲಿ ಕೂದಲು ಉದುರಿ, ಚರ್ಮ ಕೆಂಪಗಾಗಿ, ಅದರೊಳಗಿಂದ ನೀರು ಜಿನುಗುತ್ತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಕಣ್ಣು ಮಾತ್ರ ಮುಚ್ಚಲಿಲ್ಲ. ಗೊರಸು ಬೋರಲು ಹಾಕಿದ ಬಟ್ಟಲಿನ ಹಾಗೆ ಒಂದೇ ತುಂಡು, ಮೇಲೆ ಕೊಂಬಿನ ಮೇಲಿರುವಂತೆ ಉಂಗುರದ ಗೆರೆಗಳು. ಮೂಗು ಎತ್ತಿನ ಮೂಗಿನಂತೆ ತೇವವಲ್ಲ. ಒಣಗಿದ ಬೂದು ಬಣ್ಣ. ಕಂದು ಎಂಬುದೂ ಒಂದೇ ಕಂದಲ್ಲ. ತೊಡೆ ಹುರಿದ ಶೇಂಗಾದ ಸಿಪ್ಪೆ, ಹೊಟ್ಟೆ ಹೊಸ ಬೆಲ್ಲ, ಮೊಣಕಾಲ ಕೆಳಗೆ ಒಲೆಯ ಮಸಿ.

ಒಂದು ವಾರ ಒಡೆದ ಬೊಂಬೆಯ ತುಂಡುಗಳ ಮೇಲೆ ಕೈ ಪಳಗಿಸಿದೆ. ಒಂದು ನರಿಯಾಯಿತು, ಒಂದು ಕತ್ತೆಯಾಯಿತು. ತಿಳಿಬಣ್ಣ ಮೊದಲು ಬಳಿದರೆ ಮೈ ಚಪ್ಪಟೆಯಾಗಿ ಕಾಣುತ್ತಿತ್ತು. ಗಾಢ ಬಣ್ಣ ಮೊದಲು ಬಳಿದು, ಅದು ಒಣಗಿದ ಮೇಲೆ, ಹೆಚ್ಚುಕಡಿಮೆ ಒಣಗಿದ ಕುಂಚಕ್ಕೆ ತಿಳಿಬಣ್ಣ ಸೋಕಿಸಿ, ಅರಿವೆಗೆ ಒರೆಸಿ, ಕೂದಲು ಮಲಗಿದ ದಿಕ್ಕಿಗೆ ಸವರಿದರೆ ಮಣ್ಣಿನೊಳಗಿಂದ ಎಲುಬು, ಸ್ನಾಯು ಎದ್ದು ಬರುತ್ತಿದ್ದವು. ಕಣ್ಣಿಗೆ ಬಿಳಿ ಇಲ್ಲ, ಕಾಡಿಗೆ ಇಲ್ಲ. ಕಪ್ಪಿಗೆ ಹತ್ತಿರದ ಕಂದು, ಅದರಲ್ಲಿ ಸುಣ್ಣದ ಒಂದೇ ಸೂಜಿಮೊನೆ. ಮಾವನ ಎರಡನೆಯ ಕುದುರೆಗೆ ಹಾಗೆಯೇ ಬರೆದೆ. ಜೀನಿನ ಪಟ್ಟಿಯ ಅಂಚಿನಲ್ಲಿ ಕೂದಲಿಲ್ಲದ ಕೆಂಪು ಜಾಗವನ್ನೂ ಬರೆದೆ. ಬರೆಯುವಾಗ ಆ ಜಿನುಗು ನೀರು ನೆನಪಾಗಿ ಮೈ ಜುಮ್ಮೆಂದಿತು.

ಜಮೀನುದಾರರು ಬಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಮೊದಲು ಗೊರಸು ನೋಡಿದರು. ಈ ಸಲ ಅದು ಒಂದೇ ತುಂಡಾಗಿತ್ತು. ಕಣ್ಣು ನೋಡಿದರು. ಆಮೇಲೆ ಬೆರಳು ಪಟ್ಟಿಯ ಹತ್ತಿರ ನಿಂತಿತು.

"ಈ ಹೊಲಸು ಯಾಕ ಬರದೀರಿ? ಇದರ ಮ್ಯಾಲ ಬಂಗಾರದ ಬಣ್ಣ ಬಡೀರಿ."

ಮಾವ ಕೈ ಒರೆಸಿಕೊಂಡರು. "ಬರದಾಕಿ ಸೊಸಿ. ಯಾಕವಾ?"

ನಾನು ಬಾಗಿಲ ಮರೆಯಿಂದ ಒಂದು ಹೆಜ್ಜೆ ಹೊರಬಂದೆ. ಬೆನ್ನ ಹಿಂದೆ ಬಾವಿಯೂ ಹೊಲವೂ ಕಾಯುತ್ತಿದ್ದಂತೆ ಅನಿಸಿತು. ಅವರಿಗಲ್ಲ, ಮಾವನಿಗೇ ಹೇಳಿದೆ: "ಪಟ್ಟಿ ಬಿಗಿದಲ್ಲಿ ಹಂಗ ಆಕ್ಕೈತ್ರಿ. ಅವರ ಕುದುರಿಗೆ ಇರಲಿಲ್ಲಂದ್ರ ಒರಸ್ತೇನಿ."

ಜಮೀನುದಾರರು ಹೆಬ್ಬೆರಳಿನಿಂದ ಆ ಜಾಗ ಸವರಿದರು. "ಇತ್ತು" ಅಂದರು. "ಇದ ಜಾಗಾದಾಗ ಇತ್ತು. ದಿನಾ ಅರಿಷಿಣ ಹಚ್ಚತಿದ್ದೆ." ಕಣ್ಣು ಒರೆಸಿಕೊಂಡು, ಬೊಂಬೆಯನ್ನು ಧೋತರದ ತುಂಡಿನಲ್ಲಿ ಸುತ್ತಿಕೊಂಡು ಹೋದರು.

ಅತ್ತೆ ಲೊಚಗುಟ್ಟಿದರು. ನನಗೆ ಕನಿಕರ ಬರಲಿಲ್ಲ. ಗಾಯಕ್ಕೆ ಅರಿಶಿನ ಹಚ್ಚಿ, ಅದರ ಮೇಲೆಯೇ ಜೀನಿನ ಪಟ್ಟಿ ಬಿಗಿದು ಸವಾರಿಗೆ ಹತ್ತಿದವರ ಕಣ್ಣೀರು ನನಗೆ ಸರೇಸಿಗಿಂತ ಹೆಚ್ಚು ನಾರಿತು. ಈಗಲೂ ನಾರುತ್ತದೆ.

ಮಾವ ಹೊಗಳಲಿಲ್ಲ. ಸಂಜೆ ಪಡಸಾಲೆಗೆ ಬಂದು, ನನ್ನ ಮೂಲೆಗೆ ಹಸಿ ಮಣ್ಣು ಮೆತ್ತುವ ತಮ್ಮ ಹಲಗೆಯನ್ನು ಕಾಲಿನಿಂದಲೇ ಸರಿಸಿದರು.

"ಚೌತಿ ಬಂತು. ಗಣಪತಿ ಇಲಿಗೋಳ್ನೂ ಇಷ್ಟ ದಿವಸ ಸುಳ್ಳೇ ಬರದೇವಿ ಅನಸ್ತೈತಿ. ನಾಳೆ ನೆಲದಾಗಿನ ಜೋಳದ ಹಗೇವಿನಾಗ ಇಳದು ಒಂದು ಛಲೋ ಇಲಿ ನೋಡ್ಕೊಂಡು ಬಾ."