ಖಾಲಿ ಡಬ್ಬಿಯ ಸಾಕ್ಷಿ

ನಮ್ಮ ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆ ಹಾಡಹಗಲೇ ಕಳುವಾಯಿತು. ಅಕ್ಕ ಮೀನಿನ ಬುಟ್ಟಿ ತೆಗೆದುಕೊಂಡು ಅಂಕೋಲೆಯ ಪೇಟೆಗೆ ಹೋಗಿದ್ದಳು. ನಾನು ಕಾರವಾರದ ಬೋಟಿನಲ್ಲಿ ಸಮುದ್ರದ ಮೇಲಿದ್ದೆ. ಬೆಳಂಬಾರದ ನಮ್ಮ ಮನೆಯಲ್ಲಿರುವುದು ನಾವಿಬ್ಬರೇ. ಅಕ್ಕ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ನಾನು ಮದುವೆಯಾಗದೆ ಉಳಿದವನು. ಕಳ್ಳರು ಒಲೆಯ ಮಣ್ಣು ಒಡೆದು ಹಂಡೆ ಎತ್ತಿದ್ದರು. ಅಕ್ಕ ಬಂದು ನೋಡುವಾಗ ಬೂದಿ ಇನ್ನೂ ಬೆಚ್ಚಗಿತ್ತಂತೆ.

ಅಂದಿನಿಂದ ಅವಳಿಗೆ ಪೇಟೆಯಲ್ಲಿ ಮನಸ್ಸು ನಿಲ್ಲದಾಯಿತು. ಬುಟ್ಟಿಯಲ್ಲಿ ಮೀನು ಉಳಿದಿರುವಾಗಲೇ ಎದ್ದು ಬಸ್ಸು ಹತ್ತುತ್ತಿದ್ದಳು.

ನನಗೆ ಪಕ್ಕದ ಮನೆಯವನ ಮೇಲೆ ಸಂಶಯವಿತ್ತು. ಸಂಶಯ ಎಂದರೆ ಸುಳ್ಳಾದೀತು. ಕಳ್ಳ ಅವನೇ ಆಗಿರಲಿ ಎಂಬ ಆಸೆಯಿತ್ತು. ಹಿಂದೆ ನಾವಿಬ್ಬರೂ ಊರಿನ ಒಂದೇ ದೋಣಿಗೆ ಹೋಗುತ್ತಿದ್ದೆವು. ಒಂದು ಹಂಗಾಮಿನಲ್ಲಿ ಬಲೆಗೆ ಮೀನೇ ಬೀಳಲಿಲ್ಲ. ಅವನು ದೋಣಿಯ ಯಜಮಾನನ ಹತ್ತಿರ, "ಇವ ಕಾಲಿಟ್ಟ ಮೇಲೇ ಹೀಗೆ ಆದದ್ದು, ಇವನ ಕಾಲ್ಗುಣ ಸಮ ಇಲ್ಲ" ಎಂದ. ಮರುದಿನ ನನ್ನನ್ನು ದೋಣಿಗೆ ಕರೆಯಲಿಲ್ಲ. ಕೆಟ್ಟ ಕಾಲ್ಗುಣದವನು ಎನಿಸಿಕೊಂಡವನನ್ನು ನಮ್ಮ ಕಡೆ ಮತ್ತೆ ಯಾವ ದೋಣಿಯವರೂ ಹತ್ತಿಸಿಕೊಳ್ಳುವುದಿಲ್ಲ. ಹಾಗಾಗಿ ನಾನು ಊರು ಬಿಟ್ಟು, ನನ್ನ ಗುರುತಿಲ್ಲದ ಕಾರವಾರದ ಬೋಟು ಸೇರಿದೆ. ಅವನು ಬಲೆ ಹೊತ್ತು ನಮ್ಮ ಅಂಗಳದ ಪಕ್ಕದಲ್ಲೇ ಹೋಗುವುದನ್ನು ಕಂಡಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ.

ಕಳ್ಳರನ್ನು ಹೆದರಿಸುವ ಕ್ಯಾಮೆರಾ ಒಂದನ್ನು ತಂದದ್ದು ಮಾತ್ರ ಅಕ್ಕನಿಗಾಗಿ. ಕಾರವಾರದಲ್ಲಿ ಮೊಬೈಲಿನ ಕವರು ಮಾರುವವನ ಅಂಗಡಿಯಲ್ಲಿ ಅದು ತೂಗಾಡುತ್ತಿತ್ತು. ಪ್ಲಾಸ್ಟಿಕ್ಕಿನದು, ಸೆಲ್ ಹಾಕಿದರೆ ಕೆಂಪು ಲೈಟು ಮಿಣುಕುತ್ತದೆ, ಅಷ್ಟೇ. "ಒಳಗೆ ಎಂತದೂ ಇಲ್ಲ ಮಾರಾಯ. ಆದ್ರೆ ಕಳ್ಳಂಗೆ ಹೇಳ್ಬೇಡ" ಎಂದು ಅವನು ನಕ್ಕ. ಒಣಹಾಕಿದ ಮೀನಿಗೆ ಕಾಗೆ ಎರಗದಿರಲಿ ಎಂದು ನಾವು ಸತ್ತ ಕಾಗೆಯೊಂದನ್ನು ಕೋಲಿಗೆ ಕಟ್ಟಿ ನಿಲ್ಲಿಸುತ್ತೇವೆ. ಇದೂ ಅಂಥದ್ದೇ ಎಂದುಕೊಂಡು ಕೊಂಡೆ. ಜಗಲಿಯ ಮಾಡಿಗೆ ಅದನ್ನು ಕಟ್ಟಿ, ತಂತಿ ಕಾಣದಿದ್ದರೆ ಯಾರೂ ನಂಬಲಾರರೆಂದು ಬಲೆಯ ಕರಿ ಹುರಿಯನ್ನು ಅದರ ಬೆನ್ನಿಗೆ ಸಿಕ್ಕಿಸಿ ಹಂಚಿನೊಳಗೆ ತೂರಿಸಿದೆ.

ಖಾಲಿ ಡಬ್ಬಿ ಎಂದು ಅಕ್ಕನಿಗೆ ಹೇಳಿದರೆ ಅವಳ ಹೆದರಿಕೆ ಹೋಗುತ್ತಿರಲಿಲ್ಲ. "ಇಲ್ಲಿ ಆದದ್ದೆಲ್ಲ ನನ್ನ ಮೊಬೈಲಿಗೆ ಬರ್ತದೆ" ಎಂದೆ.

ಅವಳು ನಂಬಿದಳು. ಜಗಲಿಗೆ ಬರುವಾಗ ಸೆರಗು ಸರಿಮಾಡಿಕೊಳ್ಳತೊಡಗಿದಳು. ಆಮೇಲಾಮೇಲೆ ಅದರೊಂದಿಗೆ ಮಾತಿಗೂ ಇಳಿದಳು. ನಾನು ಬೋಟಿನಿಂದ ಮನೆಗೆ ಬಂದಾಗ, "ತಮಾ, ಮೊನ್ನೆ ಕ್ಯಾಮೆರಾದಲ್ಲಿ ಹೇಳಿದ್ನಲ್ಲ, ಬಾವಿ ಹಗ್ಗ ತುಂಡಾಯ್ತು ಅಂತ. ಕೇಳ್ತಾ?" ಎನ್ನುತ್ತಿದ್ದಳು.

"ಕೇಳ್ತು."

"ಮತ್ತೆ ಹಗ್ಗ ಎಂತಕೆ ತರ್ಲಿಲ್ಲ?"

"ಮರೆತೋಯ್ತು ಅಕ್ಕಾ."

ಆಗಲೇ ನಿಜ ಹೇಳಿಬಿಡಬಹುದಿತ್ತು. ಇಬ್ಬರೂ ನಕ್ಕು ಮುಗಿಸಬಹುದಾದ ಸುಳ್ಳು ಅದು.

ಮಳೆಗಾಲ ಹತ್ತಿರ ಬಂದಾಗ ಜಗಲಿಯಲ್ಲಿಟ್ಟಿದ್ದ ಒಣಮೀನಿನ ಚೀಲ ಹೋಯಿತು. ಮಳೆಗಾಲಕ್ಕೆಂದು ಅಕ್ಕ ಬಿಸಿಲಲ್ಲಿ ಕೂತು ಮಗುಚಿ ಮಗುಚಿ ಒಣಗಿಸಿದ್ದ ಮೀನು. ನಾನು ಮನೆಗೆ ಬರುವಾಗ ಅವಳು ಅಂಗಳದಲ್ಲೇ ನಿಂತಿದ್ದಳು. ಅಳು ಇರಲಿಲ್ಲ, ಮುಖದಲ್ಲಿ ಒಂದು ಥರದ ಗೆಲುವಿತ್ತು.

"ಈ ಸಲ ಸಿಕ್ಕಿಬಿದ್ದ. ತೆಗಿ ನಿನ್ನ ಮೊಬೈಲು. ಯಾರು ನೋಡು."

ಜೇಬಿನಲ್ಲಿ ಮೊಬೈಲು ಇತ್ತು. ಕೈ ಹಾಕಿದರೆ ಸುಳ್ಳು ಹೊರಬೀಳುತ್ತದೆ. ಬೇಲಿಯಾಚೆ ಪಕ್ಕದ ಮನೆಯವನು ಕೂತು ಬಲೆ ಹೊಲಿಯುತ್ತಿದ್ದ, ಬಾಯಲ್ಲಿ ಯಾವುದೋ ಹಾಡು. ನಾನು ಅತ್ತ ನೋಡಿ, "ಬೋಟಲ್ಲಿ ಇದ್ದಾಗಲೇ ಕಂಡೆ. ಅವನೇ" ಎಂದೆ.

"ಸಮಾ ಕಂಡ್ಯಾ?"

"ಸಮಾ ಕಂಡೆ. ಯಾರಿಗೂ ಹೇಳ್ಬೇಡ."

ಅಕ್ಕ ಹೇಳದೆ ಇರುವವಳಲ್ಲ. ಅದು ನನಗೆ ಗೊತ್ತಿತ್ತು. ಮರುದಿನ ಮಧ್ಯಾಹ್ನದೊಳಗೆ ಅಂಕೋಲೆಯ ಮೀನುಪೇಟೆಗೆಲ್ಲ ಸುದ್ದಿ ಮುಟ್ಟಿತು, ಸಂಜೆಗೆ ಊರಿಗೆ ಬಂತು. ಅವನು ನಮ್ಮ ಅಂಗಳಕ್ಕೆ ಬಂದ. ಅವನ ಹಿಂದೆ ಕೇರಿಯ ಜನ.

"ತೋರಿಸಾ, ನನ್ನ ಮುಖ ಎಲ್ಲುಂಟು ತೋರಿಸು."

"ಮೊಬೈಲು ಸಮುದ್ರಕ್ಕೆ ಬಿತ್ತು" ಎಂದೆ. ಬೋಟಿಗೆ ಹೋಗುವವರ ಮೊಬೈಲು ಸಮುದ್ರಕ್ಕೆ ಬೀಳುವುದು ನಮ್ಮಲ್ಲಿ ಹೊಸತಲ್ಲ. ಜನ ನಂಬಿದರು. ಮೊಬೈಲು ಆಗ ಜೇಬಿನಲ್ಲೇ ಇತ್ತು, ಯಾರಾದರೂ ಫೋನು ಮಾಡಿಯಾರೆಂದು ಜೇಬನ್ನು ಅಂಗೈಯಿಂದ ಒತ್ತಿ ಹಿಡಿದಿದ್ದೆ.

"ಹಂಗಾದ್ರೆ ದೇವರ ಮುಂದೆ ಬಾ. ಕಾಯಿ ಮುಟ್ಟಿ ಹೇಳು" ಎಂದ ಅವನು.

ನಮ್ಮಲ್ಲಿ ಆಣೆ ಇಡುವುದು ಮನೆಯ ಹಿರಿಯರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾ ಇಡ್ತೆ. ನನ್ನ ತಮ್ಮ ಕಂಡಾನೆ" ಎಂದಳು. ಊರ ದೇವರ ಗುಡಿಯ ಮುಂದೆ ಒದ್ದೆ ಸೀರೆಯಲ್ಲಿ ನಿಂತು ತೆಂಗಿನಕಾಯಿಯ ಮೇಲೆ ಬಲಗೈ ಇಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಅವಳ ಕೈ ಹಿಡಿದೆಳೆಯುವಷ್ಟು ಹತ್ತಿರ. ಎಳೆಯಲಿಲ್ಲ. ನಾನು ಅವನ ಮುಖ ನೋಡುತ್ತಿದ್ದೆ. ಅಕ್ಕ ಹೇಳುತ್ತ ಹೋದಂತೆ ಆ ಮುಖದ ಬಣ್ಣ ಇಳಿಯಿತು. ಅಂಥ ಖುಷಿ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಆಣೆ ಬಿದ್ದ ಮೇಲೆ ಎರಡು ಮನೆಗಳ ನಡುವೆ ಅನ್ನ ನೀರು ನಿಲ್ಲುತ್ತದೆ. ಅವನ ಹೆಂಡತಿ ಬಾವಿಗೆ ಬಂದರೆ ಅಕ್ಕ ಕೊಡಪಾನ ಎತ್ತಿಕೊಂಡು ಮನೆಗೆ ಮರಳುವಳು. ಪೇಟೆಯಲ್ಲಿ ಆ ಹೆಂಗಸಿನ ಪಕ್ಕ ಬುಟ್ಟಿ ಇಡಲು ಬೇರೆಯವರೂ ಹಿಂಜರಿದರು. ಹೊಸ ಹಂಗಾಮಿಗೆ ದೋಣಿಯ ಯಜಮಾನ ಅವನನ್ನು ಕರೆಯಲಿಲ್ಲ. ಅದೇ ದೋಣಿ. ಆ ದಿನ ನಾನು ಬೇಕೆಂತಲೇ ಅಂಗಳದಲ್ಲಿ ಕೂತು, ಕೆಲಸವಿಲ್ಲದೆ ದಂಡೆಯಿಂದ ವಾಪಸು ಬರುತ್ತಿದ್ದ ಅವನನ್ನು ಮನೆ ಸೇರುವ ತನಕ ನೋಡಿದೆ.

ಉಪ್ಪುಗಾಳಿಗೆ ಕ್ಯಾಮೆರಾದ ಲೈಟು ನಿಂತುಹೋಯಿತು. ನಾನು ಬೋಟಿನಲ್ಲಿದ್ದೆ. ಅಕ್ಕ ಸ್ಟೂಲು ಹತ್ತಿ ಅದನ್ನು ಬಿಚ್ಚಿ, ಮೀನಿನ ಬುಟ್ಟಿಯ ಮೇಲಿಟ್ಟುಕೊಂಡು, ಅಂಕೋಲೆಯಲ್ಲಿ ಮೊಬೈಲು ರಿಪೇರಿ ಮಾಡುವವನ ಹತ್ತಿರ ಒಯ್ದಳು. ಅವನು ಅವಳ ಎದುರಿಗೇ ತೆರೆದ. ಒಳಗೆ ತುಕ್ಕು ಹಿಡಿದ ಸೆಲ್ಲು, ಒಂದು ಪುಟ್ಟ ಬಲ್ಬು, ಹಲ್ಲಿಯ ಮೊಟ್ಟೆ.

ನಾನು ಮನೆಗೆ ಬಂದಾಗ ಡಬ್ಬಿಯ ಎರಡು ಹೋಳುಗಳು ಜಗಲಿಯಲ್ಲಿದ್ದವು.

"ಬಾವಿ ಹಗ್ಗದ ಮಾತು ನೀ ಕೇಳಿದ್ದಿಲ್ಲ" ಎಂದಳು.

"ಇಲ್ಲ."

"ಅವ ಚೀಲ ಎತ್ತಿದ್ದೂ ಕಂಡಿದ್ದಿಲ್ಲ."

"ಇಲ್ಲ ಅಕ್ಕಾ. ಆದ್ರೂ ಅವನೇ ಇರಬೇಕು. ನನ್ನ ಕಾಲ್ಗುಣ..."

"ನಿನ್ನ ಕಾಲು ಬೆಂಕಿಗೆ ಹಾಕು. ಕಾಯಿ ಮೇಲೆ ಇಟ್ಟದ್ದು ಯಾರ ಕೈ?"

ಅವಳು ಬೈದಿದ್ದು ಅಷ್ಟೇ. ಅಂದಿನಿಂದ ಬಲಗೈಯಲ್ಲಿ ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟಳು. ಗುಡಿಯ ಮುಂದೆ ಹಾಯುವಾಗ ಒಳಗೆ ಹೋಗದೆ ಹೊರಗಿನಿಂದಲೇ ತಲೆ ತಗ್ಗಿಸಿ ನಡೆಯುತ್ತಿದ್ದಳು. ನಾನು ತಂದ ಮೀನನ್ನು ಸಾರು ಮಾಡಿ ನನಗೆ ಬಡಿಸಿ, ತಾನು ಗಂಜಿಗೆ ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದಳು. ಕಾರಣ ಕೇಳುವ ಧೈರ್ಯ ನನಗೆ ಬರಲಿಲ್ಲ.

ಇಟ್ಟ ಆಣೆಯನ್ನು ಬಿಡಿಸಬಹುದು. ಆದರೆ ಎದುರಿನವನು ಒಪ್ಪಿ ಗುಡಿಗೆ ಬರಬೇಕು, ಆಣೆ ಇಟ್ಟವರ ಕೈಯಿಂದ ನೀರು ಕುಡಿಯಬೇಕು. ಅಕ್ಕ ಒಬ್ಬಳೇ ಹೋಗಿ ಅವನ ಅಂಗಳದಲ್ಲಿ ನಿಂತು ಎಲ್ಲ ಹೇಳಿದಳು. ನಾನು ಬೇಲಿಯ ಈಚೆಯಿಂದ ಕೇಳಿಸಿಕೊಂಡೆ.

"ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಅಕ್ಕಾ" ಎಂದ ಅವನು. "ನೀರು ಕುಡಿತೆ. ಆದ್ರೆ ನಿನ್ನ ತಮ್ಮ ಊರ ಮುಂದೆ ಆ ಡಬ್ಬಿ ಎತ್ತಿ ತೋರಿಸಿ ಬಾಯಿ ಬಿಟ್ಟು ಹೇಳ್ಬೇಕು. ಅವ ಹೇಳುವವರೆಗೆ ನಾ ಬರುದಿಲ್ಲ."

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅದಕ್ಕೇ ಇನ್ನಷ್ಟು ಉರಿ. ನಾನು ಬೋಟಿನ ಕೆಲಸದ ನೆಪ ಹೇಳಿ ಕಾರವಾರಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ಅಕ್ಕ ಒತ್ತಾಯಿಸಲಿಲ್ಲ. ಒಂದು ಸಲ ಬಂದಾಗ ನೋಡಿದರೆ ಅವಳು ಸೊರಗಿದ್ದಳು, ಕುಪ್ಪಸದ ತೋಳು ಸಡಿಲಾಗಿತ್ತು. ಆ ವಾರ ನಾನು ಗುಡಿಯ ಮುಂದೆ ನಿಂತೆ.

ಎರಡು ಹೋಳು ಎತ್ತಿ ತೋರಿಸಿ, "ಇದರಲ್ಲಿ ಎಂತದೂ ಇಲ್ಲ. ಇದು ಏನನ್ನೂ ಕಂಡಿಲ್ಲ. ನಾನೂ ಕಂಡಿಲ್ಲ. ಅಕ್ಕನಿಗೆ ಸುಳ್ಳು ಹೇಳಿದ್ದು ನಾನು" ಎಂದೆ. ಯಾರೋ ಹಿಂದಿನಿಂದ, "ಹಂಗಾದ್ರೆ ನಾವು ಇಷ್ಟು ದಿನ ಅದರ ಎದುರಿಗೆ ಬೀಡಿ ಸೇದದೆ ಇದ್ದದ್ದು ದಂಡ" ಎಂದರು. ಜನ ನಕ್ಕರು. ದಾರಿ ಬದಿಯ ಕಿರಾಣಿ ಅಂಗಡಿಯವನು ಮಾತ್ರ ನಗದೆ ಬೇಗ ಬೇಗ ಮನೆಗೆ ನಡೆದ. ಅವನ ಅಂಗಡಿಯ ಮಾಡಿನಲ್ಲೂ ಇಂಥದ್ದೇ ಒಂದು ಮಿಣುಕುತ್ತಿತ್ತು.

ಪಕ್ಕದ ಮನೆಯವನೂ ನಗಲಿಲ್ಲ. ನನ್ನನ್ನು ನೋಡುತ್ತ ನಿಂತಿದ್ದ. ನಾನು ಅವನನ್ನು ಅಂದು ಹೇಗೆ ನೋಡಿದ್ದೆನೋ ಹಾಗೆಯೇ. ಆಮೇಲೆ ಅಕ್ಕನ ಕೈಯಿಂದ ಲೋಟ ತೆಗೆದುಕೊಂಡು ನೀರು ಕುಡಿದ.

ಅಕ್ಕನ ಹತ್ತಿರ ಕ್ಷಮೆ ಕೇಳಿದ್ದೇನೆ, ಬದುಕಿರುವ ತನಕ ಕೇಳುತ್ತೇನೆ. ಅವನ ಹತ್ತಿರ ಮನಸ್ಸಿನಿಂದ ಕೇಳಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಇಷ್ಟು ಬರೆಯುವುದಕ್ಕೆ ಕೂತಿದ್ದೇ ಇದನ್ನು ಹೇಳುವುದಕ್ಕೆ. ಕಳ್ಳ ಯಾರೆಂದು ಇಂದಿಗೂ ಗೊತ್ತಿಲ್ಲ. ಅವನೇ ಆಗಿರಲಿ ಎಂಬ ಆಸೆ ಇಂದಿಗೂ ಹೋಗಿಲ್ಲ.

ಆಣೆ ಬಿಡಿಸಿಕೊಂಡ ಮನೆಗಳು ಅನ್ನ ಸಾರು ಕೊಟ್ಟು ತೆಗೆದುಕೊಳ್ಳಬೇಕು. ಅಕ್ಕ ಬಂಗಡೆಯ ಸಾರು ಮಾಡಿ ಪಾತ್ರೆಯನ್ನು ನನ್ನ ಕೈಗೇ ಕೊಟ್ಟಳು. ಅವನ ಹೊಸಿಲ ಹೊರಗೆ ನಿಂತೆ. ಒಳಗೆ ಅವನು ಊಟಕ್ಕೆ ಕೂತಿದ್ದ, ತಲೆ ಎತ್ತಲಿಲ್ಲ. ಅವನ ಹೆಂಡತಿ ಪಾತ್ರೆ ತೊಳೆದು, ಖಾಲಿ ಕೊಡಬಾರದೆಂದು ಸಾರಿನ ಹುಳಿಗೆ ಬಳಸುವ ಮುರುಗಲ ಸಿಪ್ಪೆ ಒಂದು ಹಿಡಿ ಹಾಕಿ ಮರಳಿಸಿದಳು. ಬೇಲಿ ದಾಟುವಾಗ ಅದನ್ನು ಎಸೆದುಬಿಡಬೇಕೆನಿಸಿತು. ಅಕ್ಕ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ಒಯ್ದು ಅವಳ ಬಲಗೈಗೆ ಕೊಟ್ಟೆ.