ಹಸಿ ಹಚ್ಚೆಯ ಗುಟ್ಟು ಬಲ್ಲ ಮೌ ಚಿಕ್ಕಪ್ಪ

"ಬಂದ ನೋಡ್ರೋ ಇಪ್ಪತ್ತೈದು! ಎಲ್ರೂ ಬಾಯಿಗೆ ಬೀಗ ಹಾಕ್ಕೊಳ್ಳಿ!"

ಬೆಳಗಿನ ಐದೂವರೆ. ಕ್ವುನ್ ಟಾಂಗ್‌ನ ಹಳೇ ಕಾರ್ಖಾನೆಯೊಂದರ ತಾರಸಿಯಲ್ಲಿ ಚಿತ್ರತಂಡದ ನಲವತ್ತು ಜನರ ಮುಂದೆ ಸಹನಿರ್ದೇಶಕ ಕ್ವೋಕ್ ಕೂಗುತ್ತಾನೆ. ಒಳಗಿದ್ದುಕೊಂಡೇ ದ್ರೋಹ ಮಾಡುವವನನ್ನು ನಮ್ಮಲ್ಲಿ ಕರೆಯುವುದೇ 'ಇಪ್ಪತ್ತೈದು' ಎಂದು. ಬೈಸಿಕೊಂಡ ಮೌ ಸೂಯ್-ಲಾಮ್ ಮಗುಚಿದ ಡಬ್ಬದ ಮೇಲೆ ಕೂತು, ಹುಡುಗನೊಬ್ಬನ ಬೆನ್ನಿಗೆ ಡ್ರ್ಯಾಗನ್ ಬರೆಯಲು ಶುರುಮಾಡುತ್ತಾರೆ.

ವಯಸ್ಸು ಅರವತ್ತಮೂರು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಗ್ಯಾಂಗಿನೊಳಗೆ ಪೊಲೀಸ್ ಬೇಹುಗಾರ ನುಸುಳುವ ಚಿತ್ರಗಳಿಗೆ ದಿನಕ್ಕೆ ಎಂಟು ಬೆನ್ನು, ಬೆನ್ನಿಗೆ ನಲವತ್ತು ನಿಮಿಷ. ಸಂಜೆ ಸ್ಪಿರಿಟ್‌ನಲ್ಲಿ ಒರೆಸಿದರೆ ಎಲ್ಲ ಮಾಯ. ಪರದೆಯ ಮೇಲೆ ಇವರ ಹೆಸರು ಒಮ್ಮೆಯೂ ಬಂದಿಲ್ಲ. ನಾಯಕನ ನಾಯಿಯದ್ದು ಬಂದಿದೆ.

ಈ ಚಿತ್ರದಲ್ಲಿ ಬೇಹುಗಾರ ಯಾರೆಂದು ನಟರಿಗೂ ಗೊತ್ತಿಲ್ಲ. ನಿರ್ದೇಶಕರು ಆಯಾ ದಿನದ ಮಾತನ್ನು ಆಯಾ ದಿನವೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ಆದರೆ ಮೌ ಅವರಿಗೆ ಹೇಳಲೇಬೇಕು. ಹಳೇ ರೌಡಿಗಳ ಹಚ್ಚೆ ಮಾಸಿದಂತೆ ಕಾಣಲು ಮೇಲೆ ಬೂದು ಪುಡಿ ತಟ್ಟಬೇಕು. ಹೊಸದಾಗಿ ಸೇರಿದ ಬೇಹುಗಾರನದು ಮಾತ್ರ ಎಲ್ಲೋ ಒಂದು ಅಂಚಿನಲ್ಲಿ ಹಸಿಯಾಗಿರಬೇಕು. ಕೊನೆಯ ದೃಶ್ಯ ನಿಂತಿರುವುದೇ ಅದರ ಮೇಲೆ.

ನಿನ್ನೆ ಪತ್ರಿಕೆಯೊಂದು ಬೇಹುಗಾರ 'ಪೋ' ಪಾತ್ರದ ಹುಡುಗನೇ ಎಂದು ಫೋಟೋ ಸಮೇತ ಬರೆದುಬಿಟ್ಟಿದೆ. ಹಚ್ಚೆ ನೋಡಿಯೇ ಪತ್ತೆ ಮಾಡಿದ್ದಂತೆ. ಹಸಿ ಅಂಚಿನ ಆ ಲೆಕ್ಕ ಇವರಲ್ಲದೆ ಇನ್ಯಾರು ಹೇಳಿಕೊಟ್ಟಾರು? ಸುಳ್ಳೇಕೆ, ಇವರ ಬಗ್ಗೆ ಲೇಖನ ಬರೆಯಲು ಬಂದ ನನಗೂ ಇವರ ಮೇಲೆಯೇ ಅನುಮಾನ. ಚಹಾದಂಗಡಿಯಲ್ಲಿ ನೇರವಾಗಿ ಕೇಳುತ್ತೇನೆ.

"ಮೌ ಚಿಕ್ಕಪ್ಪ, ನೀವೇನಾ?"

ಅವರು ಬನ್ನು ಮುರಿಯುತ್ತಾರೆ. "ಸಿನಿಮಾ ಬಿಡುಗಡೆ ಆಗೋತನಕ ಬರೆಯಲ್ಲ ಅಂತ ಮಾತು ಕೊಡ್ತೀಯೇನೋ?"

ಕೊಡುತ್ತೇನೆ.

"ಪೋ ಅಲ್ಲಪ್ಪ. ಅವತ್ತು ಸೆಕೆ. ಆ ಹುಡುಗನ ಬೆವರಿಗೆ ಪುಡಿ ತೊಳ್ದೋಗಿ ಎಡಭುಜದ ಗೆರೆ ಹಸಿಯಾಗಿ ಕಂಡಿದೆ, ಯಾರೋ ಫೋಟೋ ಹೊಡ್ದಿದಾರೆ. ಹಚ್ಚೆ ಹೊಸದು ಅಂದ್ರೆ ಆಳೂ ಹೊಸಬ ಅಂತ ಪತ್ರಿಕೆಯೋರೇ ಲೆಕ್ಕ ಹಾಕಿದಾರೆ. ಮತ್ತೆ ತಟ್ಟಬೇಕಿತ್ತು, ನಾನು ನೋಡ್ಲಿಲ್ಲ. ತಪ್ಪು ನಂದೇ."

"ಹಂಗಾದ್ರೆ ಪತ್ರಿಕೇಲಿ ಬಂದಿದ್ದು ಸುಳ್ಳು ಅಂತ ಕ್ವೋಕ್ ಮುಖಕ್ಕೆ ಹೇಳಿ!"

"ಹೇಳಿದ್ರೆ? ಪೋ ಅಲ್ದಿದ್ರೆ ಇನ್ಯಾರು ಅಂತ ಉಳಿದ ಏಳು ಬೆನ್ನು ಹುಡುಕ್ತಾರೆ. ಸಂಜೆಗೆಲ್ಲ ನಿಜವಾದೋನು ಸಿಕ್ಕಿಬಿಡ್ತಾನೆ. ಮೂವತ್ತೊಂದು ವರ್ಷದಲ್ಲಿ ನನ್ನ ಹೆಂಡ್ತಿನೂ ಟಿಕೆಟ್ ತಗೊಂಡೇ ಕೊನೆ ನೋಡಿರೋದು, ಗೊತ್ತಾ?"

ಚಿತ್ರ ಕಳೆದ ಶುಕ್ರವಾರ ತೆರೆಕಂಡಿದೆ. ಬೇಹುಗಾರ ಪೋ ಅಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆ ಬೆಳಿಗ್ಗೆ ನಾವು ತಾರಸಿಗೆ ಮರಳಿದಾಗ ಕ್ವೋಕ್ ಅಡ್ಡ ನಿಲ್ಲುತ್ತಾನೆ. "ಎಲ್ರ ಮುಂದೆ ಕೇಳ್ತಿದೀನಿ. ಪತ್ರಿಕೇಲಿ ಬಂದಿದ್ದು ನಿಜನೋ ಸುಳ್ಳೋ? ಒಂದು ಮಾತು ಹೇಳು, ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ಈಗ್ಲೇ ಹೊರಡು."

ಬೇಹುಗಾರ ಯಾರೆಂದು ಗೊತ್ತಿರುವ ಇನ್ನೊಬ್ಬ ಮನುಷ್ಯ ನಿರ್ದೇಶಕರು. ಅವರು ಕುರ್ಚಿಯಲ್ಲಿ ಕೂತು ಹಾಲಿನ ಚಹಾ ಕುಡಿಯುತ್ತಿದ್ದಾರೆ.

ಮೌ ಪೋನನ್ನು ಕರೆದು ಬೆನ್ನು ತಿರುಗಿಸಿ, ಎಡಭುಜಕ್ಕೆ ಇನ್ನಷ್ಟು ಪುಡಿ ತಟ್ಟುತ್ತಾರೆ. ಕುಂಚ ಒರೆಸಿ ಪೆಟ್ಟಿಗೆ ಮುಚ್ಚುತ್ತಾರೆ. ಕ್ವೋಕ್‌ನ ಪಕ್ಕದಲ್ಲೇ ಹಾದು ಮೆಟ್ಟಿಲಿಳಿದು ಹೋಗುತ್ತಾರೆ.